ದುಬೈಯಲ್ಲಿ ಹೆರಿಗೆ: ಸರಕಾರಿ ಆಸ್ಪತ್ರೆಯೋ, ಖಾಸಗಿಯೋ?

ಪ್ರಶ್ನೆ (ಬದಿಯಡ್ಕ): ದುಬೈಯಲ್ಲಿರುವ ಮಗಳಿಗೆ ಇದು ಚೊಚ್ಚಲ ಬಸುರು. ಅಳಿಯನಿಗೆ ರಜೆ ಸಿಗದ ಕಾರಣ ಹೆರಿಗೆ ಅಲ್ಲಿಯೇ ಎಂದು ನಿಶ್ಚಯಿಸಿದ್ದೇವೆ. ಬಾಣಂತನಕ್ಕೆ ನಾನು ಹೋಗುತ್ತೇನೆ. ಯಾವ ಆಸ್ಪತ್ರೆ ಒಳ್ಳೆಯದು?

ಉತ್ತರ (ಮಂಜೇಶ್ವರ): ಅಕ್ಕಾ, ನಮ್ಮೂರಿನ ಸರಕಾರಿ ಆಸ್ಪತ್ರೆಯ ಲೆಕ್ಕ ಅಲ್ಲಿಗೆ ಹೊಂದುವುದಿಲ್ಲ, ಪರದೇಶದವರು ಅಲ್ಲಿನ ಸರಕಾರಿ ಆಸ್ಪತ್ರೆಯಲ್ಲಿಯೂ ಹಣ ಕೊಡಬೇಕು. ಮೊದಲು ವಿಮೆಯ ಪಟ್ಟಿಯಲ್ಲಿ ಯಾವ ಆಸ್ಪತ್ರೆಗಳಿವೆ, ಹೆರಿಗೆಗೆ ಎಷ್ಟು ದಿರ್ಹಮಿನ ಮಿತಿಯಿದೆ ಎಂದು ನೋಡಿಸಿ. ಖಾಸಗಿಯವರ ಪ್ಯಾಕೇಜ್ ಅಗ್ಗವೆಂದು ಕಂಡರೂ ಸಿಸೇರಿಯನ್, ಎಪಿಡ್ಯೂರಲ್ (ಹೆರಿಗೆ ನೋವು ತಗ್ಗಿಸಲು ಬೆನ್ನಿಗೆ ಕೊಡುವ ಚುಚ್ಚುಮದ್ದು), ಮಗುವಿನ ತೀವ್ರ ನಿಗಾ ಇವುಗಳ ಖರ್ಚು ಅದರಲ್ಲಿ ಸೇರಿದೆಯೇ ಎಂಬುದನ್ನು ಬರಹದಲ್ಲಿಯೇ ಪಡೆಯಿರಿ.

ಉತ್ತರ (ಕುಂಬಳೆ): ರಕ್ತದೊತ್ತಡ, ಸಕ್ಕರೆ ಅಥವಾ ಅವಳಿಯ ಸಂದರ್ಭವಿದ್ದರೆ ಕೊಠಡಿಯ ಅಂದಕ್ಕಿಂತ ನವಜಾತ ಶಿಶುಗಳ ತೀವ್ರ ನಿಗಾ ಘಟಕವೇ ಮುಖ್ಯ. ಸರಕಾರಿ ಲತೀಫಾ ಆಸ್ಪತ್ರೆ ಹೆಂಗಸರು ಮತ್ತು ಮಕ್ಕಳಿಗೆಂದೇ ಇರುವಂಥದು. ತೊಡಕಿಲ್ಲದ ಬಸುರಾದರೆ, ಒಬ್ಬರೇ ವೈದ್ಯೆ ಕೊನೆಯವರೆಗೂ ನೋಡುವ ಖಾಸಗಿ ಆಸ್ಪತ್ರೆಯೇ ಮಗಳಿಗೆ ಧೈರ್ಯ ಕೊಟ್ಟೀತೆಂದು ನನ್ನ ಅಭಿಪ್ರಾಯ.

ಉತ್ತರ (ಕಾಸರಗೋಡು): ಕಾಗದಪತ್ರಗಳನ್ನು ತಡಮಾಡಬೇಡಿ. ಅಲ್ಲಿ ಹುಟ್ಟಿದ ಮಾತ್ರಕ್ಕೆ ಅಲ್ಲಿನ ಪೌರತ್ವ ಸಿಗದು. ಹುಟ್ಟಿದ 120 ದಿನಗಳೊಳಗೆ ಮಗುವಿಗೆ ವೀಸಾ ಆಗಬೇಕು, ಒಂದು ವರ್ಷದೊಳಗೆ ಭಾರತೀಯ ಕಾನ್ಸುಲೇಟಿನಲ್ಲಿ ಜನನ ನೋಂದಣಿಯಾಗಬೇಕು.