ಡಿಶ್ ತಿರುಗಿಸುವ ಮುನ್ನ ಕೇಳಿ

ಪ್ರಶ್ನೆ: ಸರ್, ಟಿವಿ ಡಿಶ್ ಅನ್ನು ನಾನೇ ಕೂರಿಸುತ್ತಿದ್ದೇನೆ. ಕೇಬಲ್ ಸಿಕ್ಕಿಸಿದ ಕೂಡಲೇ ಸೆಟ್‌ಟಾಪ್ ಬಾಕ್ಸ್‌ನಲ್ಲಿ ಸಿಗ್ನಲ್ ಬಲ 80 ಎಂದು ತೋರಿಸುತ್ತದೆ. ಗುಣಮಟ್ಟ ಮಾತ್ರ ಸೊನ್ನೆ. ಎಷ್ಟು ತಿರುಗಿಸಿದರೂ ಅಷ್ಟೇ. ಎಲ್‌ಎನ್‌ಬಿ (ಡಿಶ್‌ನ ಮುಂದಿರುವ, ಸಿಗ್ನಲ್ ಹಿಡಿದು ಕೇಬಲ್‌ಗೆ ಬಿಡುವ ಸಾಧನ) ಕೆಟ್ಟಿದೆಯೇ?

ಉತ್ತರ: ಎಲ್‌ಎನ್‌ಬಿ ಬಹುಮಟ್ಟಿಗೆ ಸರಿಯಾಗಿಯೇ ಇದೆ. ಆ 80 ಹೇಳುವುದು ಇಷ್ಟು: ಎಲ್‌ಎನ್‌ಬಿಗೆ ವಿದ್ಯುತ್ ತಲುಪಿದೆ, ಅದು ಏನನ್ನೋ ವರ್ಧಿಸಿ ಕೆಳಗೆ ಕಳುಹಿಸುತ್ತಿದೆ. ಆ ‘ಏನೋ’ ಬರೀ ಗದ್ದಲವಾಗಿದ್ದರೂ ಬಲದ ಪಟ್ಟಿ ಏರುತ್ತದೆ. ಗೋಡೆಗೆ ಮುಖ ಮಾಡಿದ ಡಿಶ್ ಕೂಡ ಒಳ್ಳೆಯ ಬಲವನ್ನೇ ತೋರಿಸುತ್ತದೆ! ಹಾಗಾಗಿ ಬಲದ ಅಂಕಿಯನ್ನು ಒಮ್ಮೆ ನೋಡಿ ಮರೆತುಬಿಡಿ. ಇನ್ನು ಮುಂದೆ ಕಣ್ಣು ಗುಣಮಟ್ಟದ ಪಟ್ಟಿಯ ಮೇಲಿರಲಿ.

ತಿರುಗಿಸುವ ಕೆಲಸ ನಿಲ್ಲಿಸಿ, ಮೊದಲು ಕಂಬ ನೋಡಿ. ರಸಮಟ್ಟವನ್ನು ಕಂಬಕ್ಕೆ ಎರಡು ಬದಿಗಳಿಂದ ಹಿಡಿಯಿರಿ: ಒಮ್ಮೆ ಮುಂದಿನಿಂದ, ಒಮ್ಮೆ ಪಕ್ಕದಿಂದ. ರಸಮಟ್ಟ ಇಲ್ಲದಿದ್ದರೆ ತೂಗುಗುಂಡು ಇಳಿಬಿಟ್ಟರೂ ಸಾಕು. ಕಂಬ ಓರೆಯಾಗಿದ್ದರೆ ಡಿಶ್‌ನ ಹಿಂದಿರುವ ಕೋನದ ಗುರುತುಗಳೆಲ್ಲ ಸುಳ್ಳು ಹೇಳುತ್ತವೆ. ಎಡಬಲಕ್ಕೆ ತಿರುಗಿಸಿದಾಗ ನಿಮಗೆ ಗೊತ್ತಿಲ್ಲದೆಯೇ ಏರುಕೋನವೂ (ಡಿಶ್ ಎಷ್ಟು ಮೇಲಕ್ಕೆ ನೋಡಬೇಕು ಎಂಬ ಕೋನ) ಬದಲಾಗುತ್ತಿರುತ್ತದೆ. ಹುಡುಕಿ ಹುಡುಕಿ ಸಾಕಾಗುವವರಲ್ಲಿ ಹೆಚ್ಚಿನವರು ಸೋಲುವುದು ಇಲ್ಲಿಯೇ.

ಉಪಗ್ರಹ ಇರುವುದು ಭೂಮಧ್ಯರೇಖೆಯ ಮೇಲೆ, ಸುಮಾರು 35,786 ಕಿಲೋಮೀಟರ್ ಎತ್ತರದಲ್ಲಿ. ಅದು ಭೂಮಿಯ ಜೊತೆಗೇ ಸುತ್ತುವುದರಿಂದ ನಮಗೆ ನಿಂತಂತೆ ಕಾಣುತ್ತದೆ. ನಿಮ್ಮ ಅಕ್ಷಾಂಶ, ರೇಖಾಂಶ ಮತ್ತು ಉಪಗ್ರಹದ ರೇಖಾಂಶ ಗೊತ್ತಿದ್ದರೆ ಮೂರು ಅಂಕಿಗಳು ಸಿಗುತ್ತವೆ: ದಿಕ್ಕು, ಏರುಕೋನ, ಎಲ್‌ಎನ್‌ಬಿಯ ಓರೆ (ಅದನ್ನು ಅದರ ಹಿಡಿಕೆಯಲ್ಲಿ ಎಷ್ಟು ಹೊರಳಿಸಬೇಕು ಎಂಬುದು). ಇವುಗಳನ್ನು ಲೆಕ್ಕ ಹಾಕಿಕೊಡುವ ಮೊಬೈಲ್ ಆ್ಯಪ್‌ಗಳಿವೆ. ದಿಕ್ಸೂಚಿ ನೋಡುವಾಗ ಕಬ್ಬಿಣದ ಕಂಬದಿಂದ ನಾಲ್ಕು ಹೆಜ್ಜೆ ದೂರ ನಿಲ್ಲಿ. ಆ್ಯಪ್ ಕೊಟ್ಟ ದಿಕ್ಕು ನಿಜ ಉತ್ತರದಿಂದ ಅಳೆದದ್ದೋ ಕಾಂತೀಯ ಉತ್ತರದಿಂದ ಅಳೆದದ್ದೋ ಎಂಬುದನ್ನೂ ಗಮನಿಸಿ. ಕೆಲವು ಪ್ರದೇಶಗಳಲ್ಲಿ ಇವೆರಡರ ನಡುವೆ ಹತ್ತಾರು ಡಿಗ್ರಿ ಅಂತರವಿರುತ್ತದೆ.

ಇನ್ನೊಂದು ಮಾತು. ಮನೆಗೆ ಬರುವ ಸಣ್ಣ ಡಿಶ್‌ಗಳಲ್ಲಿ ಎಲ್‌ಎನ್‌ಬಿ ನಟ್ಟನಡುವೆ ಇರುವುದಿಲ್ಲ, ಕೆಳಗಿನಿಂದ ಚಾಚಿದ ತೋಳಿನ ತುದಿಯಲ್ಲಿರುತ್ತದೆ. ಇಂತಹ ಡಿಶ್ ತನ್ನ ಮುಖ ನೋಡುವ ದಿಕ್ಕಿಗಿಂತ 20ರಿಂದ 25 ಡಿಗ್ರಿಗಳಷ್ಟು ಮೇಲಿನದನ್ನು ಹಿಡಿಯುತ್ತದೆ. ಉಪಗ್ರಹ ಆಕಾಶದಲ್ಲಿ ಸಾಕಷ್ಟು ಮೇಲಿದ್ದರೂ ಡಿಶ್ ಬಹುತೇಕ ನೆಟ್ಟಗೆ ನಿಂತಂತೆ ಕಾಣುವುದು ಇದರಿಂದಲೇ. ‘ಆಕಾಶ ನೋಡಲಿ’ ಎಂದು ಅದನ್ನು ಅಂಗಾತ ಮಲಗಿಸಿದರೆ ಸಿಗ್ನಲ್ ತಪ್ಪಿಹೋಗುತ್ತದೆ. ಅಂದಾಜು ಬೇಡ, ಡಿಶ್‌ನ ಹಿಂದಿರುವ ಕೋನದ ಗುರುತಿನ ಅಂಕಿಯನ್ನೇ ನಂಬಿ.

ಏರುಕೋನ ಕೂರಿಸಿದ ಮೇಲೆ ಎಡದಿಂದ ಬಲಕ್ಕೆ ನಿಧಾನವಾಗಿ ಹೊರಡಿ. 60 ಸೆಂಟಿಮೀಟರ್ ಡಿಶ್ ಒಳ್ಳೆಯ ಸಿಗ್ನಲ್ ಹಿಡಿಯುವ ಅಗಲ ಸುಮಾರು 3 ಡಿಗ್ರಿ ಮಾತ್ರ. ಡಿಶ್‌ನ ಪಕ್ಕದ ಅಂಚು ಅರ್ಧ ಸೆಂಟಿಮೀಟರ್ ಸರಿದರೆ ಒಂದು ಡಿಗ್ರಿ ಕಳೆದುಹೋಯಿತು. ಒಮ್ಮೆ ಸರಿಸಿದ ಮೇಲೆ ಎರಡು ಮೂರು ಸೆಕೆಂಡ್ ಕಾಯಿರಿ, ಬಾಕ್ಸ್ ಸಿಗ್ನಲ್ ಹಿಡಿದು ಬಿಡಿಸಲು ಅಷ್ಟು ಹೊತ್ತು ಬೇಕು. ಕಾಯದೆ ತಿರುಗಿಸುತ್ತ ಹೋದರೆ ಉಪಗ್ರಹವನ್ನು ದಾಟಿ ಹೋದದ್ದೇ ತಿಳಿಯುವುದಿಲ್ಲ.

ಪ್ರಶ್ನೆ (ಅದೇ ಸದಸ್ಯರು): ಕಂಬ ನಿಜಕ್ಕೂ ಓರೆಯಾಗಿತ್ತು, ಸರಿಪಡಿಸಿದೆ. ಈಗ ಗುಣಮಟ್ಟ 45 ಬಂದಿದೆ. ಇಷ್ಟು ಸಾಕೇ?

ಉತ್ತರ: ಸಾಲದು. ಬಿಸಿಲಿರುವ ದಿನ ಚಿತ್ರ ಬರುತ್ತದೆ, ಮೋಡ ಕವಿದರೆ ಹೋಗುತ್ತದೆ. ಡಿಶ್ ಅನ್ನು ಎಡಕ್ಕೆ ಸರಿಸುತ್ತ ಗುಣಮಟ್ಟ ಬೀಳುವ ಜಾಗದಲ್ಲಿ ಕಂಬದ ಮೇಲೆ ಪೆನ್ಸಿಲ್ ಗುರುತು ಹಾಕಿ. ಬಲಕ್ಕೆ ಸರಿಸಿ ಅಲ್ಲಿಯೂ ಹಾಕಿ. ಎರಡರ ನಡುವೆ ನಿಲ್ಲಿಸಿ. ಏರುಕೋನಕ್ಕೂ ಹೀಗೆಯೇ. ಕೊನೆಗೆ ಎಲ್‌ಎನ್‌ಬಿಯ ಹಿಡಿಕೆ ಸಡಿಲಿಸಿ, ಅದನ್ನು ಅದರ ಜಾಗದಲ್ಲಿಯೇ ಸ್ವಲ್ಪ ಸ್ವಲ್ಪ ಹೊರಳಿಸಿ. ಇದನ್ನು ಬಹಳ ಜನ ಮುಟ್ಟುವುದೇ ಇಲ್ಲ, ಆದರೆ ಉಳಿದ ಏಳೆಂಟು ಅಂಕ ಅಡಗಿರುವುದು ಅಲ್ಲಿ. ಬೋಲ್ಟ್‌ಗಳನ್ನು ಒಂದನ್ನೇ ಪೂರ್ತಿ ಬಿಗಿಯದೆ ಒಂದಾದ ಮೇಲೊಂದರಂತೆ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಬಿಗಿಯುವಾಗಲೂ ಡಿಶ್ ಸರಿಯುತ್ತದೆ, ಆದ್ದರಿಂದ ಒಬ್ಬರು ಪರದೆಯ ಮುಂದೆ ಇರಲಿ.

ಪ್ರಶ್ನೆ: ನಮ್ಮಲ್ಲಿ ಗುಣಮಟ್ಟ ಚೆನ್ನಾಗಿದೆ, ಆದರೆ ಚಾನೆಲ್ ಹುಡುಕಿಸಿದರೆ ಬೇರೆ ಯಾವುದೋ ಭಾಷೆಯವು ಬರುತ್ತಿವೆ.

ಉತ್ತರ: ಪಕ್ಕದ ಉಪಗ್ರಹ ಹಿಡಿದಿದ್ದೀರಿ. ‘ಕುಂಯ್’ ಎನ್ನುವ ಅಗ್ಗದ ಫೈಂಡರ್ (ಉಪಗ್ರಹ ಹುಡುಕುವ ಮೀಟರ್) ಯಾವ ಉಪಗ್ರಹ ಸಿಕ್ಕರೂ ಕೂಗುತ್ತದೆ, ಅದಕ್ಕೆ ತನ್ನದು ಪರರದು ಗೊತ್ತಿಲ್ಲ. ಹುಡುಕಿದ ಪಟ್ಟಿಯಲ್ಲಿ ಬರುವ ನೆಟ್‌ವರ್ಕ್ ಹೆಸರು ನೋಡಿ, ಅದು ಯಾವ ಉಪಗ್ರಹ ಎಂದು ತಿಳಿದುಕೊಂಡು, ಅಲ್ಲಿಂದ ಎಷ್ಟು ಡಿಗ್ರಿ ಯಾವ ಕಡೆಗೆ ಎಂದು ಲೆಕ್ಕ ಹಾಕಿ. ತಪ್ಪು ಉಪಗ್ರಹ ಸಿಕ್ಕಿದ್ದು ನಷ್ಟವಲ್ಲ, ಒಳ್ಳೆಯ ಗುರುತುಕಲ್ಲು.

ಪ್ರಶ್ನೆ: ಎರಡು ವರ್ಷದಿಂದ ಚೆನ್ನಾಗಿದ್ದ ವ್ಯವಸ್ಥೆ. ಈಗ ಅರ್ಧ ಚಾನೆಲ್‌ಗಳು ಸ್ವಚ್ಛವಾಗಿ ಬರುತ್ತವೆ, ಉಳಿದರ್ಧ ‘ಸಿಗ್ನಲ್ ಇಲ್ಲ’. ಡಿಶ್ ಗಾಳಿಗೆ ಸರಿದಿರಬಹುದು ಎಂದು ಮಗ ತಿರುಗಿಸಲು ಹೊರಟಿದ್ದಾನೆ.

ಉತ್ತರ: ಮೇಡಂ, ದಯವಿಟ್ಟು ಮಗನನ್ನು ತಡೆಯಿರಿ. ಡಿಶ್ ಸರಿದಿದ್ದರೆ ಎಲ್ಲ ಚಾನೆಲ್‌ಗಳೂ ಸೊರಗುತ್ತಿದ್ದವು. ಅರ್ಧ ಸ್ವಚ್ಛವಾಗಿ ಬಂದು ಅರ್ಧ ಪೂರ್ತಿ ಮಾಯವಾದರೆ ದೋಷ ಇರುವುದು ವಿದ್ಯುತ್ತಿನಲ್ಲಿ.

ಒಂದೇ ಕೇಬಲ್ ಮೂಲಕ ಬಾಕ್ಸ್ ಮೇಲಕ್ಕೆ ವಿದ್ಯುತ್ ಕಳುಹಿಸುತ್ತದೆ. ಆ ವಿದ್ಯುತ್ತೇ ಆಜ್ಞೆಯೂ ಹೌದು. 13 ವೋಲ್ಟ್ ಬಂದರೆ ಎಲ್‌ಎನ್‌ಬಿ ಮೇಲೆ ಕೆಳಗೆ ಆಡುವ ಲಂಬ ತರಂಗಗಳನ್ನು ಹಿಡಿಯುತ್ತದೆ, 18 ಬಂದರೆ ಎಡಬಲಕ್ಕೆ ಆಡುವ ಅಡ್ಡ ತರಂಗಗಳನ್ನು. ಯೂನಿವರ್ಸಲ್ ಬಗೆಯ ಎಲ್‌ಎನ್‌ಬಿಯಲ್ಲಿ ಇದರ ಜೊತೆಗೆ 22 ಕಿಲೋಹರ್ಟ್ಸ್‌ನ ಸಣ್ಣ ಕಂಪನವೂ ಹೋಗುತ್ತದೆ. ಕಂಪನ ಇದ್ದರೆ 11.7 ಗಿಗಾಹರ್ಟ್ಸ್‌ಗಿಂತ ಮೇಲಿನ ಆವರ್ತನಗಳ ಪಟ್ಟಿ, ಇಲ್ಲದಿದ್ದರೆ ಕೆಳಗಿನದು. ಹಾಗಾಗಿ ಹೋದ ಚಾನೆಲ್‌ಗಳ ಟ್ರಾನ್ಸ್‌ಪಾಂಡರ್ (ಉಪಗ್ರಹದಲ್ಲಿ ಅವುಗಳನ್ನು ಕಳುಹಿಸುವ ಘಟಕ) ವಿವರವನ್ನು ಮೆನುವಿನಲ್ಲಿ ನೋಡಿ, ಒಂದು ಹಾಳೆಯಲ್ಲಿ ಬರೆಯಿರಿ. ಎಲ್ಲವೂ ಅಡ್ಡ ತರಂಗದವೇ ಆಗಿದ್ದರೆ 18 ವೋಲ್ಟ್ ಮೇಲೆ ತಲುಪುತ್ತಿಲ್ಲ. ಸುಮಾರು 15ಕ್ಕಿಂತ ಕೆಳಗೆ ಇಳಿದರೆ ಎಲ್‌ಎನ್‌ಬಿ ಅದನ್ನು 13 ಎಂದೇ ತಿಳಿದು ಲಂಬದಲ್ಲಿಯೇ ಉಳಿದುಬಿಡುತ್ತದೆ. ಎಲ್ಲವೂ ಮೇಲಿನ ಪಟ್ಟಿಯವಾಗಿದ್ದರೆ ಕಂಪನ ಹೋಗುತ್ತಿಲ್ಲ: ಬಾಕ್ಸ್‌ನ ಸೆಟ್ಟಿಂಗ್ ನೋಡಿ, ಆಮೇಲೆ ಎಲ್‌ಎನ್‌ಬಿಯನ್ನು ಅನುಮಾನಿಸಿ.

ವೋಲ್ಟ್ ಸೋರುವುದು ಬಹಳ ಸಲ ಕನೆಕ್ಟರ್‌ನಲ್ಲಿ. ಬಾಕ್ಸ್‌ನ ಪ್ಲಗ್ ಕಿತ್ತು, ಡಿಶ್ ಬಳಿಯ ಕನೆಕ್ಟರ್ ಬಿಚ್ಚಿ ನೋಡಿ. ನಡುವಿನ ತಂತಿ ತಾಮ್ರದ ಬಣ್ಣದಲ್ಲಿ ಹೊಳೆಯಬೇಕು, ಕನೆಕ್ಟರ್‌ನ ಬಾಯಿಯಿಂದ ಎರಡು ಮೂರು ಮಿಲಿಮೀಟರ್ ಹೊರಗೆ ಚಾಚಿರಬೇಕು. ಅದು ಹಸಿರುಗಟ್ಟಿದ್ದರೆ ಅಥವಾ ಸುತ್ತಲಿನ ಜಾಲರಿ ಕಪ್ಪಾಗಿದ್ದರೆ ಒಳಗೆ ನೀರು ಹೊಕ್ಕಿದೆ ಎಂದರ್ಥ. ಒರೆಸಿ ಮತ್ತೆ ಹಾಕಿದರೆ ಪ್ರಯೋಜನವಿಲ್ಲ, ಜಾಲರಿ ಬೆಳ್ಳಗೆ ಕಾಣುವವರೆಗೆ ಕೇಬಲ್ ಕತ್ತರಿಸಿ ಹೊಸ ಕನೆಕ್ಟರ್ ಹಾಕಿ. ಹಾಕುವಾಗ ಜಾಲರಿಯ ಕೂದಲಿನಂತಹ ಒಂದು ಎಳೆಯೂ ನಡುವಿನ ತಂತಿಯನ್ನು ಮುಟ್ಟಬಾರದು. ಮುಟ್ಟಿದರೆ ಶಾರ್ಟ್.

ಮಲ್ಟಿಮೀಟರ್ ಇರುವವರಿಗೆ ಒಂದು ಎಚ್ಚರಿಕೆ: ಎಲ್‌ಎನ್‌ಬಿಯನ್ನು ಬಿಚ್ಚಿಟ್ಟು ಕೇಬಲ್ ತುದಿಯಲ್ಲಿ ಅಳೆದರೆ ಹಾಳಾದ ಕೇಬಲ್‌ನಲ್ಲಿಯೂ 18 ತೋರಿಸುತ್ತದೆ. ಹೊರೆ ಬಿದ್ದಾಗ ಮಾತ್ರ ಅದು ಕುಸಿಯುತ್ತದೆ. ಅದಕ್ಕಿಂತ ಸುಲಭದ ಪರೀಕ್ಷೆ, ಬಾಕ್ಸ್ ಮತ್ತು ಒಂದು ಸಣ್ಣ ಟಿವಿಯನ್ನು ಡಿಶ್ ಬಳಿಗೇ ಒಯ್ದು ಮೂರು ಅಡಿ ಹೊಸ ಕೇಬಲ್‌ನಲ್ಲಿ ಜೋಡಿಸುವುದು. ಎಲ್ಲ ಚಾನೆಲ್ ಬಂದರೆ ಹಳೆಯ ಕೇಬಲ್ ತಪ್ಪಿತಸ್ಥ. ಬರದಿದ್ದರೆ ಎಲ್‌ಎನ್‌ಬಿ ಅಥವಾ ಬಾಕ್ಸ್.

ಇನ್ನೊಬ್ಬ ಸದಸ್ಯರು: ಇಷ್ಟೆಲ್ಲ ಏಕೆ? ಎಲ್‌ಎನ್‌ಬಿ ಬದಲಿಸಿದರೆ ಮುಗಿಯಿತಲ್ಲ.

ಉತ್ತರ: ಬದಲಿಸುವಾಗ ಕನೆಕ್ಟರ್ ಬಿಚ್ಚಿ ಹಾಕುತ್ತೀರಿ, ಆ ತಿಕ್ಕಾಟಕ್ಕೆ ತುಕ್ಕು ಸವೆದು ಚಿತ್ರ ಬರುತ್ತದೆ. ಹೊಸ ಎಲ್‌ಎನ್‌ಬಿಗೆ ಕೀರ್ತಿ, ಹಳೆಯದು ಗುಜರಿಗೆ. ತಿಂಗಳೊಪ್ಪತ್ತಿನಲ್ಲಿ ಅದೇ ದೋಷ ಮತ್ತೆ.

ಪ್ರಶ್ನೆ: ಮಳೆ ಬಂದರೆ ಟಿವಿ ಹೋಗುತ್ತದೆ. ಇದಕ್ಕೆ ಮದ್ದೇ ಇಲ್ಲವೇ?

ಉತ್ತರ: ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಎಂಬುದನ್ನು ಹೇಳಿದರೆ ಮದ್ದು ಹೇಳಬಹುದು. ದಟ್ಟ ಮಳೆಗೆ ಹೋಗಿ, ಮಳೆ ತಗ್ಗಿದ ಕೂಡಲೇ ಬಂದರೆ ಅದು ಸಹಜ. ಮನೆಯ ಸಣ್ಣ ಡಿಶ್‌ಗಳು ಹಿಡಿಯುವ ಕೆಯು ಬ್ಯಾಂಡ್ ಎಂಬ ಆವರ್ತನ ಪಟ್ಟಿಯ ಅಲೆಯ ಉದ್ದ ಎರಡೂವರೆ ಸೆಂಟಿಮೀಟರ್ ಆಸುಪಾಸು. ಮಳೆಹನಿಗಳು ಅದನ್ನು ಹೀರುತ್ತವೆ, ಚದುರಿಸುತ್ತವೆ, ಮೇಲಾಗಿ ತಮ್ಮದೇ ಗದ್ದಲವನ್ನೂ ಸೇರಿಸುತ್ತವೆ. ದೊಡ್ಡ ಡಿಶ್ ಬೇಕಾಗುವ ಸಿ ಬ್ಯಾಂಡ್‌ಗೆ ಈ ಕಾಟ ಬಹಳ ಕಡಿಮೆ. ಒಮ್ಮೊಮ್ಮೆ ನಿಮ್ಮ ಮೇಲೆ ಒಂದು ಹನಿಯೂ ಬೀಳುವ ಮೊದಲೇ ಚಿತ್ರ ಹೋಗಬಹುದು. ಮೋಡ ಇರುವುದು ಉಪಗ್ರಹದ ಕಡೆಗೆ, ನಿಮ್ಮ ತಲೆಯ ಮೇಲಲ್ಲ.

ಜಿನುಗು ಮಳೆಗೇ ಹೋದರೆ ಡಿಶ್ ಸರಿಯಾಗಿ ಕೂತಿಲ್ಲ. ಮೇಲೆ 45 ಅಂಕದವರಿಗೆ ಹೇಳಿದ್ದನ್ನು ಮಾಡಿ. ಅಷ್ಟಾದ ಮೇಲೂ ಸಾಲದಿದ್ದರೆ 60ರ ಬದಲು 90 ಸೆಂಟಿಮೀಟರ್ ಡಿಶ್ ಹಾಕಿ: ಅದರ ವಿಸ್ತೀರ್ಣ ಎರಡೂಕಾಲು ಪಟ್ಟು. ಮಳೆ ನಿಂತು ಗಂಟೆಗಟ್ಟಲೆ ಕಳೆದರೂ ಬಾರದೆ, ಮರುದಿನ ಬಿಸಿಲೇರಿದ ಮೇಲೆ ಬಂದರೆ, ನೀರು ಕನೆಕ್ಟರ್‌ನಲ್ಲಿದೆ ಅಥವಾ ಎಲ್‌ಎನ್‌ಬಿಯ ಮುಂದಿನ ಪ್ಲಾಸ್ಟಿಕ್ ಮುಚ್ಚಳ ಬಿರುಕು ಬಿಟ್ಟಿದೆ. ಕೇಬಲ್ ಮನೆಯೊಳಗೆ ಹೋಗುವ ಮೊದಲು ಒಂದು ಬಳುಕು ಕೆಳಗೆ ಇಳಿಬಿಡಿ. ನೀರು ಅಲ್ಲಿಂದ ತೊಟ್ಟಿಕ್ಕಿ ಹೋಗುತ್ತದೆ, ಗೋಡೆಯ ತೂತಿನೊಳಗೆ ಹರಿಯುವುದಿಲ್ಲ.

ಪ್ರಶ್ನೆ: ಇನ್ನೊಂದು ಕೋಣೆಗೂ ಬಾಕ್ಸ್ ಹಾಕಿದ್ದೇವೆ. ಸ್ಪ್ಲಿಟರ್‌ನಿಂದ ಕೇಬಲ್ ಕವಲೊಡೆಸಿದೆ. ಒಬ್ಬರು ಚಾನೆಲ್ ಬದಲಿಸಿದರೆ ಇನ್ನೊಬ್ಬರದು ಹೋಗುತ್ತದೆ.

ಉತ್ತರ: ಹೋಗದೆ ಏನು ಮಾಡೀತು? ಒಂದು ಬಾಕ್ಸ್ 13 ವೋಲ್ಟ್ ಕೇಳುತ್ತದೆ, ಇನ್ನೊಂದು 18. ಒಂದು ಎಲ್‌ಎನ್‌ಬಿ ಒಮ್ಮೆಗೆ ಒಬ್ಬರ ಮಾತನ್ನೇ ಕೇಳಬಲ್ಲದು. ಎರಡು ಹೊರದಾರಿಗಳ ಟ್ವಿನ್ ಎಲ್‌ಎನ್‌ಬಿ ಹಾಕಿ, ಎರಡನೆಯ ಕೇಬಲ್ ಎಳೆಯಿರಿ. ನಾಲ್ಕಕ್ಕಿಂತ ಹೆಚ್ಚು ಟಿವಿ ಇದ್ದರೆ, ಪ್ರತಿ ಬಾಕ್ಸ್‌ಗೂ ಅದು ಕೇಳಿದ ಸಿಗ್ನಲ್ ಹಂಚುವ ಮಲ್ಟಿಸ್ವಿಚ್.

ಪ್ರಶ್ನೆ: ತಂತಿರಹಿತ ಫೋನ್ ರಿಂಗಾದಾಗ ನಾಲ್ಕೈದು ಚಾನೆಲ್‌ಗಳು ಮಾತ್ರ ಚೌಕ ಚೌಕವಾಗಿ ಒಡೆಯುತ್ತವೆ. ಹೇಳಿದರೆ ಯಾರೂ ನಂಬುತ್ತಿಲ್ಲ.

ಉತ್ತರ: ನಾನು ನಂಬುತ್ತೇನೆ. ಎಲ್‌ಎನ್‌ಬಿ ಆಕಾಶದಿಂದ ಬಂದ ತರಂಗವನ್ನು 950ರಿಂದ 2150 ಮೆಗಾಹರ್ಟ್ಸ್ ನಡುವಿಗೆ ಇಳಿಸಿ ಕೇಬಲ್‌ಗೆ ಬಿಡುತ್ತದೆ. ಹಲವು ದೇಶಗಳಲ್ಲಿ ಮನೆಯ ತಂತಿರಹಿತ ಫೋನ್‌ಗಳು 1880ರಿಂದ 1900 ಮೆಗಾಹರ್ಟ್ಸ್‌ನಲ್ಲಿ ಮಾತನಾಡುತ್ತವೆ. ಕೇಬಲ್‌ನ ಜಾಲರಿ ತೆಳುವಾಗಿದ್ದರೆ ಅಥವಾ ಗೋಡೆಯ ಸಾಕೆಟ್ ಕಳಪೆಯಾಗಿದ್ದರೆ ಫೋನ್ ಒಳನುಗ್ಗುತ್ತದೆ. ಯೂನಿವರ್ಸಲ್ ಎಲ್‌ಎನ್‌ಬಿ ಹೀಗೆ ಇಳಿಸುವಾಗ ಕೆಳಗಿನ ಪಟ್ಟಿಯಿಂದ ಕಳೆಯುವುದು 9.75 ಗಿಗಾಹರ್ಟ್ಸ್, ಮೇಲಿನದರಿಂದ 10.6. ಅದನ್ನು ಫೋನ್‌ನ ಅಂಕಿಗೆ ಕೂಡಿ ನೋಡಿ: ಪೆಟ್ಟು ತಿನ್ನುವವು 11.63ರಿಂದ 11.65 ಮತ್ತು 12.48ರಿಂದ 12.50ರ ಚಾನೆಲ್‌ಗಳು. ನಿಮ್ಮ ನಾಲ್ಕೈದು ಅಲ್ಲಿಯೇ ಇರಬೇಕು. ಫೋನ್ ದೂರ ಇಡಿ, ದಟ್ಟ ಜಾಲರಿಯ ಕೇಬಲ್ ಹಾಕಿ.

ಪ್ರಶ್ನೆ: ವರ್ಷಕ್ಕೆರಡು ಸಲ, ಕೆಲವು ದಿನ, ಒಂದೇ ಹೊತ್ತಿಗೆ ಕೆಲವು ನಿಮಿಷ ಚಿತ್ರ ಹೋಗುತ್ತದೆ. ಆಕಾಶ ನಿರ್ಮಲ.

ಉತ್ತರ: ಸೂರ್ಯ ಉಪಗ್ರಹದ ಬೆನ್ನಿಗೆ ಬರುತ್ತಾನೆ, ಅವನ ಗದ್ದಲದಲ್ಲಿ ಸಿಗ್ನಲ್ ಮುಳುಗುತ್ತದೆ. ಮಾರ್ಚ್ ಮತ್ತು ಸೆಪ್ಟೆಂಬರ್‌ನ ವಿಷುವತ್ತುಗಳ ಆಸುಪಾಸಿನಲ್ಲಿ ಹೀಗಾಗುತ್ತದೆ. ಏನೂ ಮಾಡಬೇಡಿ.

ಪ್ರಶ್ನೆ: ಗಾಳಿ ಬೀಸಿದಾಗ ಮಾತ್ರ ಚಿತ್ರ ಒಡೆಯುತ್ತದೆ. ಬೋಲ್ಟ್‌ಗಳೆಲ್ಲ ಬಿಗಿಯಾಗಿವೆ.

ಉತ್ತರ: ಡಿಶ್ ಮುಂದೆ ಮರ ಇದೆಯೇ?

ಅದೇ ಸದಸ್ಯರು: ಇದೆ. ಡಿಶ್ ಹಾಕಿಸಿದಾಗ ಚಿಕ್ಕದಿತ್ತು.

ಉತ್ತರ: ಹಾಗಾದರೆ ಅದೇ. ಒದ್ದೆ ಎಲೆಗಳು ಇನ್ನೂ ಕೆಟ್ಟವು. ನಿಮ್ಮ ಏರುಕೋನ 45 ಡಿಗ್ರಿ ಎಂದಿಟ್ಟುಕೊಂಡರೆ, ಡಿಶ್‌ಗಿಂತ 5 ಮೀಟರ್ ಎತ್ತರದ ಮರ 5 ಮೀಟರ್‌ಗಿಂತ ಹೆಚ್ಚು ದೂರದಲ್ಲಿರಬೇಕು. ಕೋನ ಕಡಿಮೆಯಾದಷ್ಟೂ ದೂರ ಹೆಚ್ಚಬೇಕು. ಕೊಡಲಿ ಎತ್ತಬೇಡಿ. ಕಂಬವನ್ನು ಎರಡು ಮೂರು ಮೀಟರ್ ಪಕ್ಕಕ್ಕೆ, ಮರದ ಮರೆಯಿಲ್ಲದ ಕಡೆಗೆ ಒಯ್ದರೆ ಸಾಕು. ಉಪಗ್ರಹ ಅಷ್ಟು ದೂರವಿರುವುದರಿಂದ ಮೂರು ಅಂಕಿಗಳೂ ಹಳೆಯವೇ. ಡಿಶ್ ಅನ್ನು ಕಂಬದಿಂದ ಬಿಚ್ಚುವಾಗ ಏರುಕೋನದ ಬೋಲ್ಟ್ ಮಾತ್ರ ಮುಟ್ಟಬೇಡಿ, ಹೊಸ ಕಂಬವನ್ನು ರಸಮಟ್ಟ ಹಿಡಿದು ನಿಲ್ಲಿಸಿದರೆ ಎಡಬಲ ತಿರುಗಿಸುವ ಕೆಲಸವಷ್ಟೇ ಉಳಿಯುತ್ತದೆ.