ಡಿಸ್ಕ್ ಕೈಲಿದ್ರೂ ಗೇಮ್ ನಮ್ದಲ್ವಾ? ಈಗಿನ ಟ್ರೆಂಡ್ ನಿಮಗೆ ಹೇಗನ್ನಿಸ್ತಿದೆ

ಡಿಸ್ಕ್‌ಪ್ರೇಮಿ:

ಎಲ್ರಿಗೂ ನಮಸ್ಕಾರ. ಪಿಎಸ್2 (ಪ್ಲೇಸ್ಟೇಷನ್ 2) ಕಾಲದಿಂದ ಕನ್ಸೋಲಲ್ಲೇ, ಅಂದ್ರೆ ಟಿವಿಗೆ ಹಾಕಿ ಆಡೋ ಗೇಮ್ ಮಿಷನ್ನಲ್ಲೇ, ಆಡ್ಕೊಂಡ್ ಬಂದೋನು ನಾನು, ಪಿಸಿ ಕಡೆ ಹೋಗೇ ಇಲ್ಲ. ತುಂಬಾ ದಿನದಿಂದ ಒಂದು ವಿಷಯ ಮನಸಲ್ಲಿ ಕೊರೀತಾ ಇದೆ, ನಿಮಗೂ ಹಿಂಗೇ ಅನ್ಸತ್ತಾ ಅಂತ ಕೇಳೋಣ ಅಂತ ಬರೀತಿದೀನಿ, ಸ್ವಲ್ಪ ಉದ್ದ ಆಗತ್ತೆ.

ಹೋದ ಶನಿವಾರ ಬೀರು ಖಾಲಿ ಮಾಡ್ತಿರುವಾಗ ಹಳೇ ಪಿಎಸ್3 ಸಿಕ್ತು. ಧೂಳು ಒರೆಸಿ ಟಿವಿಗೆ ಹಾಕ್ದೆ. ನೆಟ್ ಕನೆಕ್ಟ್ ಮಾಡೋ ಗೋಜಿಗೂ ಹೋಗ್ಲಿಲ್ಲ, ಡಿಸ್ಕ್ ತಳ್ಳಿದ್ರೆ ಒಳಗೆ ಎಳ್ಕೊಂಡು ಗರ್ರ್ ಅಂತ ಒಂದು ಸದ್ದು ಮಾಡತ್ತಲ್ಲ, ಅದಾಗಿ ಎರಡು ನಿಮಿಷಕ್ಕೆ ಮೆನು ಬಂತು. ಕಂಟಿನ್ಯೂ ಒತ್ತಿದ್ರೆ ಹತ್ತು ವರ್ಷಕ್ಕೂ ಹಿಂದೆ ನಿಲ್ಸಿದ್ದ ಜಾಗದಲ್ಲೇ, ಅದೇ ಸೇತುವೆ ಮೇಲೆ, ಗನ್ನಲ್ಲಿ ಮೂರು ಗುಂಡು ಉಳ್ಸ್ಕೊಂಡು ನಮ್ಮ ಹೀರೋ ನಿಂತಿದಾನೆ. ನಿಜ ಹೇಳ್ತೀನಿ, ಕಣ್ಣು ತುಂಬಿ ಬಂತು.

ಅದೇ ರಾತ್ರಿ ಈಗಿನ ಕನ್ಸೋಲಿಗೆ ಹೊಸದಾಗಿ ತಗೊಂಡ ಒಂದು ಗೇಮಿನ ಡಿಸ್ಕ್ ಹಾಕ್ದೆ, ಗೇಮಿನ ಹೆಸರು ಬೇಡ ಬಿಡಿ. ಮೊದ್ಲು ಇನ್‌ಸ್ಟಾಲ್, ಆಮೇಲೆ ಅಪ್‌ಡೇಟ್, ಆ ಅಪ್‌ಡೇಟ್ ಡಿಸ್ಕಲ್ಲಿರೋದಕ್ಕಿಂತ ದೊಡ್ಡದು. ಅದು ಮುಗೀತು ಅಂದ್ರೆ ಅಕೌಂಟ್ ಮಾಡ್ಕೋ, ಇಮೇಲ್ ಕೊಡು, ಕೋಡ್ ಹಾಕು, ಇಷ್ಟೆಲ್ಲಾ ಮಾಡಿ ಒಳಗೆ ಹೋದ್ರೆ ಸರ್ವರ್ ಮೇಂಟೆನೆನ್ಸಲ್ಲಿದೆ ಆಮೇಲೆ ಬನ್ನಿ ಅಂತ ಮೆಸೇಜ್. ನಾನು ಆಡೋಕೆ ಹೊರಟಿದ್ದು ಒಬ್ಬನೇ ಆಡೋ ಸ್ಟೋರಿ ಮೋಡ್. ಅದಕ್ಕೆ ಸರ್ವರ್ ಯಾಕ್ ಬೇಕು ಅನ್ನೋದು ನನಗೆ ಇವತ್ತಿಗೂ ಅರ್ಥ ಆಗಿಲ್ಲ, ರಾತ್ರಿ ಹನ್ನೆರಡಾಯ್ತು, ಕಂಟ್ರೋಲರ್ ಕೆಳಗಿಟ್ಟು ಮಲ್ಕೊಂಡೆ.

ಇದು ಒಂದೆರಡು ಗೇಮಿನ ಕಥೆ ಅಲ್ಲ. 2025ರಲ್ಲಿ ಬಂದ ಡೂಮ್: ದ ಡಾರ್ಕ್ ಏಜಸ್ ಪಿಎಸ್5 ಡಿಸ್ಕಲ್ಲಿ ಇದ್ದಿದ್ದು ಬರೀ 85 ಎಂಬಿ. ಪಿಎಸ್5 ಡಿಸ್ಕಲ್ಲಿ 100 ಜಿಬಿ ತನಕ ಹಿಡಿಸ್ಬೋದು, ಜಾಗ ಇಲ್ದೆ ಹಿಂಗ್ ಮಾಡಿದ್ದಲ್ಲ. ನಿಂಟೆಂಡೋ ಕನ್ಸೋಲ್ ಸ್ವಿಚ್ 2ರಲ್ಲಿ ಗೇಮ್ ಕೀ ಕಾರ್ಡ್ ಅಂತಾನೇ ಒಂದು ಜಾತಿ ಬಂದಿದೆ, ಕಾರ್ಡ್ ಒಳಗೆ ಗೇಮೇ ಇರಲ್ಲ, ಕಾರ್ಡ್ ಹಾಕಿ ಪೂರ್ತಿ ಡೌನ್‌ಲೋಡ್ ಮಾಡ್ಕೋಬೇಕು, ಮಾಡ್ಕೊಂಡ ಮೇಲೂ ಆಡುವಾಗೆಲ್ಲ ಆ ಕಾರ್ಡ್ ಒಳಗೇ ಇರ್ಬೇಕು. 2024ರಲ್ಲಿ ಬಂದ ಪಿಎಸ್5 ಪ್ರೋಗೆ ಡಿಸ್ಕ್ ಡ್ರೈವೇ ಇಲ್ಲ, ಬೇಕಾದೋರು ಬೇರೆ ತಗೊಂಡು ಸಿಕ್ಕಿಸ್ಕೋಬೇಕು. ಬೀಗದ ಕೈ ನಮ್ಮತ್ರ, ಮನೆ ಅವರ ಹೆಸರಲ್ಲಿ ಅನ್ನೋ ಥರ ಆಗಿದೆ.

ಹಳೇ ಗೇಮನ್ನೇ ಹೊಸದಾಗಿ ಮಾಡೋ ರೀಮೇಕ್‌ಗಳು, ಸೀಸನ್ ಪೂರ್ತಿ ಟಾಸ್ಕ್ ಮುಗಿಸಿ ಬಹುಮಾನ ತಗೊಳ್ಳೋ ಬ್ಯಾಟಲ್ ಪಾಸ್, ಸಬ್‌ಸ್ಕ್ರಿಪ್ಷನ್ ಇವೆಲ್ಲದರ ಬಗ್ಗೆನೂ ಹೇಳೋದಿದೆ, ಆದ್ರೆ ನನ್ನ ಮುಖ್ಯ ಸಂಕಟ ಇದೇ. ಇನ್ನು ಇಪ್ಪತ್ತು ವರ್ಷಕ್ಕೆ ಈಗಿನ ಡಿಸ್ಕ್ ತೆಗೆದು ಹಾಕಿದ್ರೆ ಆ ಸೇತುವೆ ಸಿಗತ್ತಾ? ನಿಮಗೆಲ್ಲ ಏನನ್ಸತ್ತೆ, ಬಿಡಿಸಿ ಬರೀರಿ.

ಲೆವೆಲ್_ತೊಂಬತ್ತೊಂಬತ್ತು:

ಗುರು ನಿಮ್ಮ ನೋವು ಅರ್ಥ ಆಗತ್ತೆ, ಆದ್ರೆ ಹಳೇದೆಲ್ಲಾ ಚಿನ್ನ ಅನ್ನೋಕೆ ನಾನು ರೆಡಿ ಇಲ್ಲ. ಹಳೇ ಕಾಲದಲ್ಲಿ ಡಿಸ್ಕಲ್ಲಿ ಬಗ್ ಇದ್ರೆ ಅದು ಸಾಯೋ ತನಕ ಬಗ್ಗೇ, ಸೇವ್ ಕರಪ್ಟ್ ಆದ್ರೆ ಮುಗೀತು, ಕೇಳೋರೇ ಇರ್ಲಿಲ್ಲ. ಸೈಬರ್‌ಪಂಕ್ 2077 ನೋಡಿ. 2020ರ ಡಿಸೆಂಬರ್ 10ಕ್ಕೆ ಬಂತು, ಪಿಎಸ್4ನಲ್ಲಿ ಎಷ್ಟು ಕೆಟ್ಟದಾಗಿ ಓಡ್ತಿತ್ತು ಅಂದ್ರೆ ಒಂದು ವಾರದಲ್ಲಿ ಪ್ಲೇಸ್ಟೇಷನ್ ಮಾಡೋ ಸೋನಿನೇ ತನ್ನ ಆನ್‌ಲೈನ್ ಸ್ಟೋರಿಂದ ತೆಗೆದು ಹಾಕ್ತು, ವಾಪಸ್ ಬಂದಿದ್ದು 2021ರ ಜೂನಲ್ಲಿ. ಅದೇ ಗೇಮ್ 2023ರ 2.0 ಅಪ್‌ಡೇಟ್ ಆದ್ಮೇಲೆ ಪಿಎಸ್5ನಲ್ಲಿ ಆಡಿ ನೋಡಿ, ಬೇರೆಯದೇ ಗೇಮ್ ಅನ್ಸತ್ತೆ. ನೋ ಮ್ಯಾನ್ಸ್ ಸ್ಕೈ 2016ರಲ್ಲಿ ಬಂದಾಗ ಎಲ್ರೂ ಬೈದಿದ್ರು, ಆಮೇಲೆ ವರ್ಷಗಟ್ಲೆ ಫ್ರೀ ಅಪ್‌ಡೇಟ್ ಕೊಟ್ಕೊಂಡ್ ಬಂದ್ರು. ನೆಟ್ ಇಲ್ದಿದ್ರೆ ಇವೆರಡೂ ಹುಟ್ಟಿದ ದಿನವೇ ಸತ್ತಿರೋವು.

ಹಾಗಂತ ಅರ್ಧ ಬೆಂದಿದ್ದನ್ನ ಬಡಿಸಿ ಆಮೇಲೆ ಉಪ್ಪು ಹಾಕ್ತೀನಿ ಅನ್ನೋದು ಸರಿ ಅಂತ ನಾನು ಹೇಳಲ್ಲ. ಪ್ಯಾಚ್ ಅನ್ನೋದು, ಅಂದ್ರೆ ಆಮೇಲೆ ಕಳ್ಸೋ ಅಪ್‌ಡೇಟ್, ತಪ್ಪು ತಿದ್ದೋಕೆ ಇರ್ಬೇಕು, ಮುಗಿಸ್ದೆ ಮಾರೋಕೆ ಅಲ್ಲ. ಬಾಲ್ಡರ್ಸ್ ಗೇಟ್ 3 ಎಕ್ಸ್‌ಬಾಕ್ಸ್ ಡಿಸ್ಕ್ ಎಡಿಷನ್ ಹಲವು ಡಿಸ್ಕಲ್ಲಿ ಬಂತು, ನಿಜವಾದ ದುಡ್ಡು ಕೀಳೋ ಅಂಗಡಿ ಅಂತ ಗೇಮ್ ಒಳಗೆ ಏನೂ ಇಲ್ಲ. ಮನಸ್ಸಿದ್ರೆ ಮಾಡ್ಬೋದು.

ನನಗೆ ಇದಕ್ಕಿಂತ ಸಿಟ್ಟು ಬರೋದು ಫ್ರೇಮ್‌ರೇಟ್ ವಿಷಯದಲ್ಲಿ. 30 ಎಫ್‌ಪಿಎಸ್ (ಸೆಕೆಂಡಿಗೆ 30 ಫ್ರೇಮ್, ಅಂದ್ರೆ 30 ಚಿತ್ರ) ಅಂದ್ರೆ ಒಂದೊಂದು ಫ್ರೇಮಿಗೂ 33 ಮಿಲಿಸೆಕೆಂಡ್, 60 ಅಂದ್ರೆ ಸುಮಾರು 17. ಬಾಸ್ ಕತ್ತಿ ಎತ್ತಿದಾಗ ಡಾಡ್ಜ್ ಒತ್ತಿದ್ದು ಸ್ಕ್ರೀನಲ್ಲಿ ಕಾಣೋಕೆ ಆಗೋ ತಡ ಬೆರಳಿಗೇ ಗೊತ್ತಾಗತ್ತೆ. ಕೊಚ್ಚೆ ನೀರಲ್ಲಿ ಬೀದಿ ದೀಪದ ರಿಫ್ಲೆಕ್ಷನ್ ಚೆನ್ನಾಗ್ ಕಾಣ್ಲಿ ಅಂತ ಬೆಳಕು ಹೆಂಗೆ ಬೀಳತ್ತೆ ಅಂತ ಲೆಕ್ಕ ಹಾಕೋ ರೇ ಟ್ರೇಸಿಂಗ್ ತುಂಬಿ ಗೇಮ್‌ಪ್ಲೇ ಮುಗ್ಗರಿಸೋ ಹಾಗೆ ಮಾಡೋದು ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಅನ್ನೋ ಲೆಕ್ಕ. ಅಂದ ಸ್ವಲ್ಪ ಕಮ್ಮಿ ಮಾಡಿ ಫ್ರೇಮ್‌ರೇಟ್ ಹೆಚ್ಚಿಸೋ ಪರ್ಫಾರ್ಮೆನ್ಸ್ ಮೋಡ್ ಈಗ ಬಹಳ ಗೇಮಲ್ಲಿ ಕೊಡ್ತಾರಲ್ಲ, ಈ ಜನರೇಷನ್ನಿನ ಅತ್ಯಂತ ಒಳ್ಳೇ ಟ್ರೆಂಡ್ ಅದು ಅಂತ ನನ್ನ ಅಭಿಪ್ರಾಯ.

ಪಕ್ಕದ_ಸೀಟು:

ನನ್ನದು ಬೇರೆ ದುಃಖ. ಒಂದೇ ಸೋಫಾ ಮೇಲೆ ಕೂತು ಇಬ್ರು ಆಡೋ ಗೇಮ್ ಎಲ್ಲೋಯ್ತು? ಹೇಲೋ ಗೇಮ್ ಅಂದ್ರೆನೇ ಸ್ಪ್ಲಿಟ್ ಸ್ಕ್ರೀನ್ (ಒಂದೇ ಟಿವಿ ಇಬ್ರಿಗೆ ಅರ್ಧರ್ಧ) ಅಂತ ಬೆಳೆದೋರು ನಾವು, ಹೇಲೋ ಇನ್ಫಿನಿಟ್ ಕ್ಯಾಂಪೇನಿಗೆ, ಅಂದ್ರೆ ಅದರ ಸ್ಟೋರಿ ಮೋಡಿಗೆ, ಅದನ್ನ ಕೊಡ್ತೀವಿ ಅಂತ ಹೇಳಿ 2022ರಲ್ಲಿ ಕೈಬಿಟ್ರು. ಕಾರಣ ಗೊತ್ತು, ಅರ್ಧರ್ಧ ಸ್ಕ್ರೀನ್ ಅಂದ್ರೆ ಒಂದೇ ಮಿಷನ್ ಎರಡು ಸಲ ಚಿತ್ರ ಬಿಡಿಸ್ಬೇಕು, ಈಗಿನ ಗ್ರಾಫಿಕ್ಸಿಗೆ ಅದು ಭಾರ. ಆದ್ರೂ ನನ್ನ ತಮ್ಮ ಪಕ್ಕದಲ್ಲಿ ಕೂತು ನನ್ನ ಅರ್ಧ ಸ್ಕ್ರೀನ್ ಕದ್ದು ನೋಡಿ ಎಲ್ಲಿ ಬಚ್ಚಿಟ್ಕೊಂಡಿದೀನಿ ಅಂತ ಕಂಡುಹಿಡೀತಿದ್ದನಲ್ಲ, ನಾನು ಮೊಣಕೈಯಲ್ಲಿ ತಿವೀತಿದ್ದೆನಲ್ಲ, ಆ ಜಗಳ ಹೆಡ್‌ಸೆಟ್ಟಲ್ಲಿ ಬರಲ್ಲ.

ಅದಕ್ಕೇ ಸ್ಪ್ಲಿಟ್ ಫಿಕ್ಷನ್ 2025ರಲ್ಲಿ ಬಂದಾಗ ಎಷ್ಟು ಖುಷಿ ಆಯ್ತು ಅಂದ್ರೆ. ಅದು ಇಬ್ರು ಇಲ್ದೆ ಶುರುವೇ ಆಗಲ್ಲ. ಅದೂ ಅಲ್ದೆ ಫ್ರೆಂಡ್ಸ್ ಪಾಸ್ ಅಂತ ಇದೆ, ಒಬ್ರು ತಗೊಂಡ್ರೆ ಸಾಕು, ದೂರದಲ್ಲಿರೋ ಇನ್ನೊಬ್ರು ತಗೊಳ್ದೆನೇ ಜೊತೆಗೆ ಆಡ್ಬೋದು, ಅವರು ಬೇರೆ ಕನ್ಸೋಲಲ್ಲಿ ಇದ್ರೂ ನಡಿಯತ್ತೆ. ತಮ್ಮ ಈಗ ಬೇರೆ ಊರಲ್ಲಿದಾನೆ, ಹಿಂಗೇ ಆಡಿ ಮುಗಿಸಿದ್ವಿ, ಕೊನೇ ಲೆವೆಲ್ ಆದ್ಮೇಲೆ ಇಬ್ರೂ ಫೋನ್ ಇಡ್ದೆ ಸುಮ್ನೆ ಕೂತಿದ್ವಿ ಸ್ವಲ್ಪ ಹೊತ್ತು.

ಮರಳಿ_ಶುರು:

ಲೈವ್ ಸರ್ವಿಸ್, ಅಂದ್ರೆ ಕಂಪನಿ ಸರ್ವರ್ ನಡೆಸೋ ತನಕ ಮಾತ್ರ ಇರೋ ಆನ್‌ಲೈನ್ ಗೇಮ್, ಅದರ ಬಗ್ಗೆ ಯಾರೂ ಎತ್ತಿಲ್ಲ, ನಾನೇ ಎತ್ತೀನಿ. ಕಾಂಕಾರ್ಡ್ ಅನ್ನೋ ಶೂಟಿಂಗ್ ಗೇಮ್ 2024ರ ಆಗಸ್ಟ್ 23ಕ್ಕೆ ಬಂತು, ಸೆಪ್ಟೆಂಬರ್ 6ಕ್ಕೆ ಸರ್ವರ್ ಬಂದ್. ಹದಿನಾಲ್ಕು ದಿನ! ದುಡ್ಡು ವಾಪಸ್ ಕೊಟ್ರು, ಸರಿ, ಆದ್ರೆ ಅದನ್ನ ಕಟ್ಟಿದ ಸ್ಟುಡಿಯೋನೂ ಮುಚ್ಚೋಯ್ತು. ಅಷ್ಟೂ ಜನರ ವರ್ಷಗಟ್ಲೆ ಕೆಲಸ ಈಗ ನೋಡೋಕೂ ಸಿಗಲ್ಲ. ಕೆಟ್ಟ ಗೇಮ್ ಆಗಿದ್ರೂ ಡಿಸ್ಕಲ್ಲಿ ಉಳಿದಿದ್ರೆ ಯಾರೋ ಒಬ್ರು ಒಂದಿನ ಆಡಿ ಇದ್ರಲ್ಲಿ ಈ ಒಂದು ಮ್ಯಾಪ್ ಚೆನ್ನಾಗಿದೆ ಅಂತ ಹೇಳ್ತಿದ್ರು.

ದ ಕ್ರೂ ಕಥೆ ಇನ್ನೂ ಬೇಜಾರು. ಯೂಬಿಸಾಫ್ಟ್ ಕಂಪನಿಯ 2014ರ ರೇಸಿಂಗ್ ಗೇಮ್, ಒಬ್ಬರೇ ಆಡಿದ್ರೂ ಆನ್‌ಲೈನ್ ಬೇಕೇ ಬೇಕಿತ್ತು, 2024ರ ಮಾರ್ಚ್ 31ಕ್ಕೆ ಸರ್ವರ್ ನಿಲ್ಸಿದ್ರು, ಡಿಸ್ಕ್ ಇಟ್ಕೊಂಡೋರ ಕೈಲಿ ಬರೀ ಪ್ಲಾಸ್ಟಿಕ್ ಉಳೀತು. ಅದರಿಂದಾನೇ ಸ್ಟಾಪ್ ಕಿಲ್ಲಿಂಗ್ ಗೇಮ್ಸ್ ಅನ್ನೋ ಅಭಿಯಾನ ಶುರುವಾಗಿದ್ದು, ಯುರೋಪಲ್ಲಿ ಅವರ ಮನವಿಗೆ 2025ರ ಜುಲೈ ಹೊತ್ತಿಗೆ 10 ಲಕ್ಷ ಸಹಿ ದಾಟ್ತು. ಅವರು ಕೇಳ್ತಿರೋದು ಸರ್ವರ್ ಜೀವಮಾನ ಪೂರ್ತಿ ನಡೆಸಿ ಅಂತ ಅಲ್ಲ, ಮುಚ್ಚುವಾಗ ಗೇಮನ್ನ ಹೇಗಾದ್ರೂ ಆಡೋ ಸ್ಥಿತೀಲಿ ಬಿಟ್ಟು ಹೋಗಿ ಅಂತ ಅಷ್ಟೇ. ನ್ಯಾಯವಾದ ಮಾತಲ್ವಾ? ಆಮೇಲೆ ಯೂಬಿಸಾಫ್ಟೇ ದ ಕ್ರೂ 2ಗೆ ಆಫ್‌ಲೈನ್ ಮೋಡ್ ಕೊಡ್ತೀವಿ ಅಂತ ಹೇಳ್ತು. ಗಲಾಟೆ ಮಾಡಿದ್ರೆ ಕೆಲಸ ಆಗತ್ತೆ.

ಇನ್ನು ಬ್ಯಾಟಲ್ ಪಾಸ್. ಮೂರು ಸೀಸನ್ ಬಿಡದೆ ಒಂದು ಗೇಮ್ ಆಡ್ದೆ, ದಿನಾ ಮೂರು ಟಾಸ್ಕ್, ವಾರಕ್ಕೆ ಏಳು. ಒಂದು ರಾತ್ರಿ ಜ್ವರ ಬಂದಿತ್ತು, ಆದ್ರೂ ಎದ್ದು ಕೂತು ಶಾಟ್‌ಗನ್ನಲ್ಲಿ ಐದು ಕಿಲ್ ಮುಗಿಸಿ ಮಲ್ಕೊಂಡೆ. ಬೆಳಿಗ್ಗೆ ಯೋಚಿಸಿದ್ರೆ ಆ ಐದರಲ್ಲಿ ಒಂದೂ ನೆನಪಿಲ್ಲ. ನಾನು ಆಡ್ತಿರ್ಲಿಲ್ಲ, ಹಾಜರಿ ಹಾಕ್ತಿದ್ದೆ. ಅವತ್ತೇ ಡಿಲೀಟ್ ಮಾಡ್ದೆ. ಆಮೇಲೆ ಆಡಿದ್ದು ಕ್ಲೇರ್ ಆಬ್ಸ್ಕ್ಯೂರ್: ಎಕ್ಸ್‌ಪೆಡಿಷನ್ 33, ಫ್ರಾನ್ಸಿನ ಒಂದು ಹೊಸ ಸ್ಟುಡಿಯೋದ ಮೊದಲ ಗೇಮ್, ಶುರು ಇದೆ, ಮಧ್ಯ ಇದೆ, ಕೊನೆ ಇದೆ. ಮುಗೀತು ಅಂತ ತೆರೆ ಬೀಳೋ ಗೇಮ್ ಆಡಿ ಎಷ್ಟು ಕಾಲ ಆಗಿತ್ತು ಅಂತ ಅವತ್ತು ಗೊತ್ತಾಯ್ತು.

ಅಕ್ಕನ_ಪ್ಲೇಯರ್‌2:

ಎಲ್ರೂ ಕಳ್ಕೊಂಡಿದ್ದರ ಬಗ್ಗೆ ಬರೀತಿದೀರ, ಸಿಕ್ಕಿರೋದು ಒಂದು ನಾನು ಹೇಳ್ತೀನಿ. ನಮ್ಮಕ್ಕನಿಗೆ ಕಣ್ಣು ಸರಿ ಕಾಣಲ್ಲ, ಆಕಾರ ಗೊತ್ತಾಗತ್ತೆ, ವಿವರ ಗೊತ್ತಾಗಲ್ಲ. ಚಿಕ್ಕವರಿದ್ದಾಗ ನಾನು ಆಡ್ತಿದ್ದೆ, ಅವಳು ಪಕ್ಕದಲ್ಲಿ ಕೂತು ಈಗ ಏನಾಯ್ತು ಈಗ ಏನಾಯ್ತು ಅಂತ ಕೇಳ್ತಿದ್ಲು. 2020ರಲ್ಲಿ ದ ಲಾಸ್ಟ್ ಆಫ್ ಅಸ್ ಪಾರ್ಟ್ 2 ಬಂತಲ್ಲ, ಅದರಲ್ಲಿ 60ಕ್ಕೂ ಹೆಚ್ಚು ಆಕ್ಸೆಸಿಬಿಲಿಟಿ ಸೆಟ್ಟಿಂಗ್ ಇದಾವೆ, ಅಂದ್ರೆ ಕಣ್ಣು ಕಿವಿ ಕೈ ಸರಿ ಇಲ್ದೋರೂ ಆಡೋ ಹಾಗೆ ಮಾಡೋ ಸೆಟ್ಟಿಂಗ್. ಹೈ ಕಾಂಟ್ರಾಸ್ಟ್ ಹಾಕಿದ್ರೆ ಸುತ್ತಲಿನ ಕಾಡು ಮನೆ ಎಲ್ಲಾ ಬೂದು ಬಣ್ಣಕ್ಕೆ ತಿರುಗತ್ತೆ, ಶತ್ರು ಕೆಂಪು, ನಮ್ಮ ಕಡೆಯವರು ನೀಲಿ. ದಾರಿ ತಪ್ಪಿದ್ರೆ ಒಂದು ಬಟನ್ ಒತ್ತಿದ್ರೆ ಹೋಗ್ಬೇಕಾದ ಕಡೆಗೆ ತಿರುಗಿಸತ್ತೆ. ಅಕ್ಕ ಕಂಟ್ರೋಲರ್ ತಗೊಂಡು ಸುಮಾರು ಹೊತ್ತು ಏನೂ ಮಾತಾಡ್ಲಿಲ್ಲ. ಆಮೇಲೆ ನಂಗೆ ಹೇಳಿದ್ಳು, ನೀನು ಸುಮ್ನಿರು, ಏನಾಯ್ತು ಅಂತ ಈಗ ನಾನು ಹೇಳ್ತೀನಿ ಅಂತ.

ಹಳೇ ಡಿಸ್ಕಲ್ಲಿ ಇದು ಇರ್ಲಿಲ್ಲ ಅಣ್ಣ. ರೀಮೇಕ್ ಅಂದ್ರೆ ಎಲ್ರೂ ಮೂಗು ಮುರೀತಾರೆ, ಆದ್ರೆ 2013ರ ಮೊದಲ ಭಾಗವನ್ನ 2022ರಲ್ಲಿ ಮತ್ತೆ ಮಾಡಿದಾಗ ಈ ಥರದ ಸೆಟ್ಟಿಂಗ್ ಅದಕ್ಕೂ ಬಂತು, ಅದಕ್ಕೇ ಅಕ್ಕ ಕಥೆ ಶುರುವಿಂದ ತಾನೇ ಆಡಿದ್ಳು. ಪಾರ್ಟ್ 2 ಈಗ ಎರಡನೇ ಸಲ ಆಡ್ತಿದಾಳೆ.

ಡಿಸ್ಕ್‌ಪ್ರೇಮಿ:

ಕೊನೇ ರಿಪ್ಲೈ ಎರಡು ಸಲ ಓದ್ದೆ. ಅಕ್ಕನಿಗೆ ನನ್ನ ನಮಸ್ಕಾರ ಹೇಳಿ. ರೀಮೇಕ್ ಬಗ್ಗೆ ಬೈಯೋಕೆ ಒಂದು ಪ್ಯಾರಾ ಬರೆದಿಟ್ಕೊಂಡಿದ್ದೆ, ಅಳಿಸ್ದೆ.

ಲೆವೆಲ್ ಗುರು, ಪ್ಯಾಚ್ ವಿಷಯ ಒಪ್ಕೊಂಡೆ. ಬೇಡ ಅನ್ನೋದಲ್ಲ ನನ್ನ ವಾದ, ಡಿಸ್ಕಲ್ಲಿ ಆಡೋ ಅಷ್ಟಾದ್ರೂ ಇರ್ಲಿ, ಮೇಲಿಂದ ಎಷ್ಟ್ ಬೇಕಾದ್ರೂ ತಿದ್ಲಿ. ನೀವು ಹೇಳಿದ ಸೈಬರ್‌ಪಂಕೇ ಸ್ವಿಚ್ 2ಗೆ 64 ಜಿಬಿ ಕಾರ್ಡಲ್ಲಿ ಪೂರ್ತಿ ಬಂದಿದೆ, ತಿದ್ದಿ ಮುಗಿಸಿದ ಗೇಮ್ ಕಾರ್ಡ್ ಒಳಗೇ. ಹಂಗಿದ್ರೆ ಸಾಕು ನನಗೆ.

ಇನ್ನೊಂದು ಸಹಾಯ ಬೇಕು ಎಲ್ರಿಂದ. ನಿಮ್ಮತ್ರ ಇರೋ ಡಿಸ್ಕ್‌ಗಳನ್ನ ನೆಟ್ ಪೂರ್ತಿ ಆಫ್ ಮಾಡಿ, ಗೇಮ್ ಒಮ್ಮೆ ಡಿಲೀಟ್ ಮಾಡಿ, ಬರೀ ಡಿಸ್ಕಿಂದ ಇನ್‌ಸ್ಟಾಲ್ ಮಾಡಿ ನೋಡಿ. ಸೇವ್ ಫೈಲ್ ಮೊದ್ಲು ಬ್ಯಾಕಪ್ ತಗೊಳ್ಳಿ, ಮರೀಬೇಡಿ. ಶುರುವಾಗತ್ತಾ, ಎಷ್ಟು ದೂರ ಹೋಗತ್ತೆ, ಇಲ್ಲೇ ಬರೀರಿ, ಒಂದು ಪಟ್ಟಿ ಮಾಡೋಣ.

ಪಕ್ಕದ_ಸೀಟು:

ನನ್ನತ್ರ ಹನ್ನೊಂದು ಇದಾವೆ. ನಾಳೆ ರಾತ್ರಿ ತಮ್ಮನ್ನ ಫೋನಲ್ಲಿ ಹಾಕ್ಕೊಂಡು ಒಂದೊಂದಾಗಿ ನೋಡ್ತೀನಿ.