ಮಗಳನ್ನು ನಮ್ಮೂರ ಸಾಲಿಯಲ್ಲಿ ಕೂರಿಸಬಹುದಾ?

ಇಂಡಿಯವರು, ಈಗ ಮೆಲ್ಬರ್ನ್:
ಎಲ್ಲರಿಗೂ ನಮಸ್ಕಾರ್ರೀ. ವಿಜಯಪುರ ಜಿಲ್ಲೆಯ ಇಂಡಿ ನಮ್ಮೂರು. ಮಗಳಿಗೆ ಒಂಬತ್ತು ವರ್ಷ, ಇಲ್ಲೇ ಹುಟ್ಟಿದವಳು. ಕನ್ನಡ ಚೆನ್ನಾಗಿ ಮಾತಾಡುತ್ತಾಳೆ, ಓದಲು ತಡವರಿಸುತ್ತಾಳೆ. ಇಲ್ಲಿನ ಶಾಲೆಯ ಬಗ್ಗೆ ದೂರೇನಿಲ್ಲ. ಆದರೆ ಕಾರಿನಲ್ಲಿ ಹೋಗುತ್ತಾಳೆ, ಕಾರಿನಲ್ಲಿ ಬರುತ್ತಾಳೆ. ಗೆಳತಿ ಜೊತೆ ಆಡಬೇಕು ಅಂದರೆ ಆ ಹುಡುಗಿಯ ತಾಯಿಗೆ ಮೆಸೇಜ್ ಹಾಕಿ ವಾರ ಮೊದಲೇ ದಿನ ಗೊತ್ತು ಮಾಡಬೇಕು. ನಾವು ಸಾಲಿ ಬಿಟ್ಟ ಮೇಲೆ ಮನೆ ಮುಟ್ಟಲು ಎಷ್ಟು ಹೊತ್ತು ಮಾಡುತ್ತಿದ್ದೆವು, ಅಲ್ವಾ? ಬಾರಿಹಣ್ಣಿನ ಗಿಡಕ್ಕೆ ಕಲ್ಲು ಹೊಡೆದು, ಹುಣಸೆಕಾಯಿಗೆ ಉಪ್ಪು ಹಚ್ಚಿ, ಒಬ್ಬರ ಮನೆಯಲ್ಲಿ ನೀರು ಕುಡಿದು, ಇನ್ನೊಬ್ಬರ ಮನೆಯಲ್ಲಿ ಶೇಂಗಾ ತಿಂದು. ಅವಳಿಗೆ ಇದು ಯಾವುದೂ ಗೊತ್ತಿಲ್ಲ ಅಂತ ರಾತ್ರಿ ನಿದ್ದೆ ಬರುವುದಿಲ್ಲ. ಡಿಸೆಂಬರ್ ಕೊನೆಗೆ ಇಲ್ಲಿ ಬೇಸಿಗೆ ರಜೆ. ನಾನು ಕಲಿತ ಸರಕಾರಿ ಶಾಲೆಯಲ್ಲಿ ಕೆಲವು ವಾರ ಕೂರಿಸಲು ಬಿಡುತ್ತಾರಾ? ಯಾರಾದರೂ ಹೀಗೆ ಮಾಡಿದ್ದೀರಾ?

ಜಮಖಂಡಿಯವರು, ಈಗ ಡಲ್ಲಾಸ್:
ಅಕ್ಕಾರ, ಎಲ್ಲಾ ನೆನಪು ಮಾಡಿಸಿದಿರಿ! ನಮಗೆ ಶನಿವಾರವೇ ಹಬ್ಬ. ಮುಂಜಾನೆ ಸಾಲಿ, ಮೊದಲು ಕವಾಯತು, ಆಮೇಲೆ ಸಾರಿಸುವ ಕೆಲಸ. ಹುಡುಗಿಯರು ಸಗಣಿ ಕಲಸಿ ನೆಲ ಸಾರಿಸುತ್ತಿದ್ದರು. ನಮ್ಮ ಪಾಲಿಗೆ ಕರಿಹಲಗೆ. ಇದ್ದಲಿ ಅರೆದು, ತೊಂಡೆ ಎಲೆ ಸೇರಿಸಿ ತಿಕ್ಕಬೇಕು. ತಿಕ್ಕಿದಷ್ಟೂ ಕಪ್ಪಾಗಿ ಮಿಂಚುತ್ತಿತ್ತು. ಮೊಣಕೈ ತನಕ ಕರಿ, ಅದನ್ನೇ ಖಾಕಿ ಚಡ್ಡಿಗೆ ಒರೆಸಿಕೊಂಡು ಮನೆಗೆ ಹೋದರೆ ಅವ್ವನ ಬೈಗುಳ. ಸೋಮವಾರ ಗುರುಗಳು ಆ ಹಲಗೆಯ ಮೇಲೆ ಬಿಳಿ ಖಡುವಿನಿಂದ ತಾರೀಖು ಬರೆದರೆ ನಾವೇ ಬರೆದಷ್ಟು ಹೆಮ್ಮೆ. ಖಂಡಿತ ಕರೆದುಕೊಂಡು ಹೋಗಿ.

ಬಾಗಲಕೋಟೆಯವರು, ಈಗ ದುಬೈ:
ನಿಮ್ಮ ಸಾಲಿ ಇನ್ನೂ ಇದೆಯಲ್ಲ, ಪುಣ್ಯವಂತರು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬಂದಾಗ ಹಳೇ ಊರಿನ ನಮ್ಮ ಓಣಿ ಹೋಯಿತು, ಸಾಲಿಯೂ ಹೋಯಿತು. ನವನಗರದಲ್ಲಿ ಮನೆ ಇದೆ, ಅಗಲವಾದ ರಸ್ತೆ ಇದೆ, ಎಲ್ಲಾ ಇದೆ. ಆದರೆ ಮಗನನ್ನು ಕರೆದುಕೊಂಡು ಹೋಗಿ ‘ನಾನು ಇಲ್ಲೇ ಕೂರುತ್ತಿದ್ದೆ’ ಅನ್ನಲು ಜಾಗವೇ ಇಲ್ಲ. ಉಳಿದಿರುವುದು ಟ್ರಿಪ್ಪಿಗೆ ಹೋದ ಜಾಗಗಳು ಮಾತ್ರ. ಅದಕ್ಕೇ ಅವನನ್ನು ಗೋಳಗುಮ್ಮಟಕ್ಕೆ ಕರೆದುಕೊಂಡು ಹೋದೆ. ಮೂಲೆಯ ಮಿನಾರಿನ ಇಕ್ಕಟ್ಟಾದ ಮೆಟ್ಟಿಲು ಹತ್ತಿ ಗ್ಯಾಲರಿಗೆ ಬಂದು, ಅವನು ಆ ಕಡೆ, ನಾನು ಈ ಕಡೆ ಗೋಡೆಗೆ ಕಿವಿ ಕೊಟ್ಟು ಕೂತೆವು. ಅವನ ಹೆಸರನ್ನು ಪಿಸುಮಾತಿನಲ್ಲಿ ಕರೆದೆ. ಅಷ್ಟು ದೂರದಿಂದ ‘ಅಪ್ಪಾ’ ಅಂದ. ಐದನೇ ಇಯತ್ತೆಯಲ್ಲಿ ನಾವೆಲ್ಲ ಮಾಸ್ತರರ ಅಡ್ಡಹೆಸರು ಕೂಗಿದ್ದು ಅಲ್ಲೇ. 1656ರ ಕಟ್ಟಡ, ಅದಕ್ಕೆ ಯಾವ ನೀರೂ ಬರಲಿಲ್ಲ.

ಬೆಳಗಾವಿಯವರು, ಈಗ ಲಂಡನ್:
ನನ್ನ ಮಾತು ಯಾರಿಗಾದರೂ ಬೇಜಾರಾದರೆ ಆಗಲಿ. ಇದು ನಿಮ್ಮ ಹಂಬಲ, ಮಗುವಿನದಲ್ಲ. ನೆಲ ಸಾರಿಸಿದ್ದು ಸುಖ ಅಂತೀರಿ. ಹುಡುಗಿಯರು ಸಗಣಿ ಕಲಸುವಾಗ ಹುಡುಗರು ಹಲಗೆ ತಿಕ್ಕಿ ಆಟಕ್ಕೆ ಹೋದರು, ಅದು ಯಾರಿಗೂ ನೆನಪಿಲ್ಲ. ನನ್ನ ಪಕ್ಕ ಕೂತಿದ್ದವಳು ಲೆಕ್ಕದಲ್ಲಿ ನನಗಿಂತ ಜಾಣೆ. ಏಳನೇ ಇಯತ್ತೆ ಮುಗಿದದ್ದೇ ತಡ, ಸಾಲಿ ಬಿಡಿಸಿದರು. ಹೈಸ್ಕೂಲು ಪಕ್ಕದ ಊರಿನಲ್ಲಿತ್ತು, ಅಷ್ಟೇ ಕಾರಣ. ಛಡಿ ಏಟು ಎಷ್ಟು ತಿಂದೆವು? 2009ರ ಶಿಕ್ಷಣ ಹಕ್ಕು ಕಾಯ್ದೆ ಹೊಡೆಯಬಾರದು ಅಂತ ಹೇಳಬೇಕಾಗಿ ಬಂತು. ನಿಮ್ಮ ಮಗಳಿಗೆ ಅಲ್ಲಿ ಪುಸ್ತಕ, ಮೈದಾನ, ಹೆದರಿಕೆ ಇಲ್ಲದ ಶಾಲೆ ಎಲ್ಲಾ ಸಿಕ್ಕಿದೆ. ಅವಳಿಗೆ ಏನೋ ಕಮ್ಮಿಯಾಗಿದೆ ಅನ್ನುವುದನ್ನು ಅವಳ ತಲೆಗೆ ತುಂಬಬೇಡಿ.

ತಾಳಿಕೋಟೆಯವರು, ಈಗ ಸಿಡ್ನಿ:
ಅಕ್ಕಾರ, ನಾವು ಮಗನನ್ನು ಕೂರಿಸಿದ್ದೆವು. ಹಾಜರಿ ಪುಸ್ತಕದಲ್ಲಿ ಹೆಸರು ಬರೆಯಲಿಲ್ಲ, ಸುಮ್ನೆ ಅತಿಥಿಯಂತೆ ಕೂತ. ಹೋಗುವ ಮೊದಲೇ ಊರಲ್ಲಿರುವವರಿಂದ ಹೆಡ್ ಮಾಸ್ತರರನ್ನೂ ಎಸ್‌ಡಿಎಂಸಿ ಅಂದರೆ ಶಾಲೆಯ ಉಸ್ತುವಾರಿ ಸಮಿತಿಯವರನ್ನೂ ಕೇಳಿಸಿ. ಓದು ತಡವರಿಸುತ್ತಾಳೆ ಅಂದಿರಿ. ವಯಸ್ಸು ನೋಡಿ ನಾಲ್ಕನೇ ತರಗತಿಗೆ ಹಾಕಬೇಡಿ, ನಲಿ-ಕಲಿಯಲ್ಲಿ ಕೂರಿಸಲು ಕೇಳಿ. ಒಂದರಿಂದ ಮೂರನೇ ತರಗತಿ ಮಕ್ಕಳು ಗುಂಪಾಗಿ ನೆಲದ ಮೇಲೆ ಕೂತು ಕಾರ್ಡು ಹಿಡಿದು ಕಲಿಯುತ್ತಾರೆ, ಬೇಗ ಗೆಳೆತನ ಆಗುತ್ತದೆ. ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ ಪುಸ್ತಕಗಳು ಪುಕ್ಕಟೆ ಸಿಗುತ್ತವೆ, ಈಗಲೇ ಶುರು ಮಾಡಿ. ನಿಮಗೆ ರಜೆ ಬರುವ ಹೊತ್ತು ಒಳ್ಳೆಯದು. ಟ್ರಿಪ್ಪು, ಗ್ಯಾದರಿಂಗ್ (ಸಾಲಿಯ ವಾರ್ಷಿಕೋತ್ಸವ) ಎಲ್ಲಾ ಆಗಲೇ. ಎಳ್ಳಮಾವಾಸ್ಯೆಗೆ ಸಿಕ್ಕರೆ ಹೊಲಕ್ಕೆ ಹೋಗಿ ಚರಗ ಚೆಲ್ಲುವುದನ್ನೂ, ಅಂದರೆ ಭೂಮಿತಾಯಿಗೆ ಎಡೆ ಚೆಲ್ಲುವುದನ್ನೂ ನೋಡಬಹುದು. ಸಂಕ್ರಾಂತಿಗೆ ವಿಜಯಪುರದಲ್ಲಿ ಸಿದ್ಧೇಶ್ವರ ಜಾತ್ರೆ. ಮೊದಲ ಎರಡು ದಿನ ಅತ್ತರೆ ಗಾಬರಿಯಾಗಬೇಡಿ.

ಜಮಖಂಡಿಯವರು, ಈಗ ಡಲ್ಲಾಸ್:
ಲಂಡನ್ ಅಕ್ಕಾರ, ಹುಡುಗರು ಬಾವಿಯಿಂದ ನೀರು ತರುತ್ತಿದ್ದರು. ನಾವೇನು ಸುಮ್ನೆ ಕೂತಿರಲಿಲ್ಲ. ಎಲ್ಲದರಲ್ಲೂ ತಪ್ಪು ಹುಡುಕಿದರೆ ಬಾಲ್ಯವೇ ಉಳಿಯುವುದಿಲ್ಲ.

ಬೆಳಗಾವಿಯವರು, ಈಗ ಲಂಡನ್:
ಉಳಿಯಬೇಕಾದದ್ದು ಯಾರ ಬಾಲ್ಯ? ನನ್ನ ಗೆಳತಿಗೆ ಅದು ಏಳನೇ ಇಯತ್ತೆಗೇ ಮುಗಿಯಿತು.

ಮುಧೋಳದವರು, ಈಗ ನ್ಯೂಜೆರ್ಸಿ:
ನಾನು ಯಾವಾಗಲೂ ಹೇಳುವುದು ಒಂದೇ. ಮನೆಯೊಳಗೆ ಕನ್ನಡ ಬಿಟ್ಟು ಬೇರೆ ಮಾತು ಬೇಡ. ನಮ್ಮ ಮಗ ಕಾಲೇಜಿಗೆ ಹೋಗುವ ತನಕ ಹೀಗೇ ನಡೆಸಿದೆವು. ಈಗ ಪ್ರತಿ ಭಾನುವಾರ ಅಜ್ಜಿಗೆ ತಾನೇ ಫೋನ್ ಮಾಡುತ್ತಾನೆ, ಶೇಂಗಾ ಹೋಳಿಗೆ ಮಾಡುವುದನ್ನು ಕೇಳಿ ಬರೆದುಕೊಂಡಿದ್ದಾನೆ. ಸಾಲಿ ಗೀಲಿ ಎಲ್ಲಾ ಆಮೇಲೆ. ಮೊದಲು ಮಾತು.

ಬಾಗಲಕೋಟೆಯವರು, ಈಗ ದುಬೈ:
ಲಂಡನ್ ಅಕ್ಕ ಹೇಳಿದ್ದು ಖರೆ. ನಮ್ಮ ತಂಗಿಗೂ ಹಾಗೇ ಆಯಿತು. ಆದರೂ ಅವಳೇ ನನಗಿಂತ ಜಾಸ್ತಿ ಸಾಲಿ ನೆನೆಯುತ್ತಾಳೆ. ಹಿನ್ನೀರಿನ ದಂಡೆಗೆ ಹೋದಾಗೆಲ್ಲ ‘ಅಲ್ಲಿ ನಮ್ಮ ಗಂಟೆ ಇತ್ತು’ ಅಂತ ಕೈ ತೋರಿಸುತ್ತಾಳೆ. ಅದನ್ನು ಕಿತ್ತುಕೊಳ್ಳಬೇಡಿ.

ಬೆಳಗಾವಿಯವರು, ಈಗ ಲಂಡನ್:
ಕಿತ್ತುಕೊಳ್ಳುತ್ತಿಲ್ಲ ಅಣ್ಣಾರ. ಅವಳನ್ನು ಸಾಲಿ ಬಿಡಿಸಿದ್ದನ್ನೂ ಅದರ ಜೊತೆಗೇ ಹೇಳಿ ಅನ್ನುತ್ತಿದ್ದೇನೆ, ಮಕ್ಕಳ ಮುಂದೆ.

ಇಂಡಿಯವರು, ಈಗ ಮೆಲ್ಬರ್ನ್:
ಎಲ್ಲಾ ಓದಿದೆ. ಲಂಡನ್ ಅಕ್ಕಾರ, ಮಗಳಿಗೆ ಅದನ್ನೂ ಹೇಳುತ್ತೇನೆ. ನಮ್ಮ ಓಣಿಯಲ್ಲೂ ಹಾಗೆ ಸಾಲಿ ಬಿಟ್ಟವರಿದ್ದಾರೆ, ಅವರ ಮನೆಗೂ ಕರೆದುಕೊಂಡು ಹೋಗುತ್ತೇನೆ. ಆದರೆ ಅವಳಿಗೆ ಒಂದಿಷ್ಟು ದಿನ ನಡೆದುಕೊಂಡು ಮನೆಗೆ ಬರುವ ಗೆಳತಿಯರು ಸಿಗಬೇಕು, ನನಗೆ ಬೇಕಾದದ್ದು ಅಷ್ಟೇ. ಸಿಡ್ನಿಯವರೇ, ನಿಮ್ಮ ಮಾತು ಎಲ್ಲರ ನಡುವೆ ಕಳೆದೇ ಹೋಗಿತ್ತು, ಈಗ ಮತ್ತೆ ಓದಿದೆ. ನಮ್ಮ ಕಾಕಾನಿಗೆ ಇವತ್ತೇ ಫೋನ್ ಮಾಡಿ ಹೆಡ್ ಮಾಸ್ತರರನ್ನು ಕೇಳಲು ಹೇಳುತ್ತೇನೆ. ಬಿಸಿಯೂಟ ನಿಮ್ಮ ಮಗನಿಗೆ ಒಗ್ಗಿತಾ? ಇವಳಿಗೆ ಖಾರ ಆಗುವುದಿಲ್ಲ.

ತಾಳಿಕೋಟೆಯವರು, ಈಗ ಸಿಡ್ನಿ:
ಅನ್ನ ಸಾರು ಎಲ್ಲರ ಸಾಲಿನಲ್ಲೇ ಕೂತು ಉಂಡ. ನೀರು ಮಾತ್ರ ಮನೆಯಿಂದ ಕಾಯಿಸಿ ಆರಿಸಿ ಕಳಿಸಿ. ಖಾರದ ವಿಷಯ ಅಡುಗೆ ಅಕ್ಕಾರಿಗೆ ಮೊದಲ ದಿನವೇ ಹೇಳಿಬಿಡಿ.